ಬೆರಳು ತೆಗೆಸುವ ಮೊದಲು ಕಾಲಿಗೆ ರಕ್ತ ಎಷ್ಟು ಇಳೀತಿದೆ ನೋಡಿಸಿ

ಕುಮಟಾದಲ್ಲಿರುವ ನಿಮ್ಮ ತಂದೆಗೆ ಶುಗರ್, ಕಾಲಿನ ಹೆಬ್ಬೆರಳ ಹುಣ್ಣು ಒಂದೂವರೆ ತಿಂಗಳಾದರೂ ಮಾಯ್ತಿಲ್ಲ, ಬೆರಳು ತೆಗೀಬೇಕು ಅಂದಿದ್ದಾರೆ, ಕಟ್ಟಿದ ರಕ್ತನಾಳ ಬಿಡಿಸುವ ಬಲೂನ್ ಹಾಕಿಸಿದರೆ ಉಳೀತದಾ ಅಂತ ಕೇಳಿದ್ದೀರಿ. ನಾನು ವೈದ್ಯನಲ್ಲ. ಅಂಕೋಲಾದ ನನ್ನ ಅಪ್ಪನ ಕಾಲಿನ ಹಿಂದೆ ಓಡಾಡಿದವನು.

ಅಪ್ಪನಿಗೆ ಶುಗರ್ ಇರಲಿಲ್ಲ, ನಲವತ್ತು ವರ್ಷದ ಬೀಡಿ ಇತ್ತು. ಮೀನುಪೇಟೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ಮೀನಖಂಡ ಹಿಡ್ಕೊಳ್ತದೆ, ಎರಡು ನಿಮಿಷ ನಿಂತರೆ ಬಿಡ್ತದೆ. ವಯಸ್ಸಿನ ನೋವು ಅಂತ ಎಂಟು ತಿಂಗಳು ಎಣ್ಣೆ ತಿಕ್ಕಿದೆವು. ತೋರಿಸಿದ ಕಡೆ ನರದ ತೊಂದರೆ ಅಂದು ಮಾತ್ರೆ ಕೊಟ್ಟರು. ಪಾದದ ನಾಡಿ ಮುಟ್ಟಿ ನೋಡಿದವರೇ ಇಲ್ಲ. ಆ ಎಂಟು ತಿಂಗಳು ಈಗಲೂ ನನ್ನನ್ನು ಕೊರೆಯುತ್ತದೆ.

ಕೊನೆಗೆ ಮಣಿಪಾಲದಲ್ಲಿ ತೋಳಿನದೂ ಕಣಕಾಲಿನದೂ ಬಿಪಿ ನೋಡಿ ಹೋಲಿಸಿದರು. ಕಣಕಾಲಿನದು ತೋಳಿನದರ 0.9ಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಟ್ಟಿದೆ ಅಂತ ಲೆಕ್ಕ, ಅಪ್ಪನದು 0.5. ನಿಮ್ಮ ತಂದೆಯ ವಿಷಯದಲ್ಲಿ ಒಂದು ಎಚ್ಚರ: ಶುಗರ್ ಇದ್ದವರ ನಾಳ ಸುಣ್ಣಗಟ್ಟಿ ಗಡುಸಾಗಿದ್ದರೆ ಈ ಅಂಕಿ ಸುಳ್ಳೇ ಚೆನ್ನಾಗಿ ಕಾಣ್ತದೆ. ಹಾಗಾಗಿ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯೋದು ತೋರಿಸುವ ಸ್ಕ್ಯಾನ್) ಮತ್ತು ಕಾಲ್ಬೆರಳಿನ ಬಿಪಿ ಕೇಳಿ ಮಾಡಿಸಿ.

ಬಲೂನ್ ಹಾಕುವಾಗ ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಸೂಜಿ ತೂತಿನಿಂದ ತೆಳು ತಂತಿ ಕಳಿಸಿ, ಅದರ ಮೇಲೆ ಬಲೂನ್ ಒಯ್ದು, ಕಟ್ಟಿದಲ್ಲಿ ಉಬ್ಬಿಸುತ್ತಾರೆ, ಬೇಕಾದರೆ ನಾಳ ತೆರೆದಿಡಲು ಸ್ಟೆಂಟ್ ಅನ್ನೋ ಜಾಲರಿ ಕೊಳವೆ ಇಡ್ತಾರೆ. ಅಪ್ಪ ಎಚ್ಚರವಾಗೇ ಇದ್ದರು. ಆಮೇಲೆ ಕಾಲು ಮಡಚದೆ ಮಲಗಿದ್ದೇ ಅವರಿಗೆ ದೊಡ್ಡ ಕಷ್ಟ. ಮುಂಚೆ ಕಿಡ್ನಿ ಹೇಗಿದೆ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ, ನಾಳ ಎಕ್ಸ್‌ರೇಯಲ್ಲಿ ಕಾಣಲು ಒಳಗೆ ಬಿಡುವ ಡೈ ಕಿಡ್ನಿಗೆ ಭಾರ.

ಈ ವಿಧಾನ ಶುರುವಾದದ್ದೇ ನಿಮ್ಮಂಥದೇ ಸಂಕಟದಲ್ಲಿ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82ರ ಮುದುಕಿಯೊಬ್ಬರು ಕಾಲು ಕತ್ತರಿಸಲು ಕೊಡೋದಿಲ್ಲ ಅಂದರು. ಡಾ. ಚಾರ್ಲ್ಸ್ ಡಾಟರ್ ನಾಳದೊಳಗಿಂದಲೇ ದಾರಿ ಬಿಡಿಸಿದರು. ಕಾಲು ಉಳೀತು.

ಎಲ್ಲರಿಗೂ ಆಗುವುದಿಲ್ಲ, ಅದನ್ನೂ ಹೇಳಬೇಕು. ನಾಳ ಉದ್ದಕ್ಕೆ ಕಟ್ಟಿದ್ದರೆ ರಕ್ತಕ್ಕೆ ಬೇರೆ ದಾರಿ ಮಾಡುವ ಬೈಪಾಸ್ ಆಪರೇಷನ್ ಬೇಕಾಗಬಹುದು. ಕಪ್ಪಾಗಿ ಸತ್ತ ಭಾಗ ಮತ್ತೆ ಜೀವ ಪಡೆಯುವುದಿಲ್ಲ. ಆದರೆ ರಕ್ತ ಇಳಿಯದ ಕಾಲಲ್ಲಿ ಬೆರಳು ಕೊಯ್ದರೆ ಆ ಗಾಯವಾದರೂ ಹೇಗೆ ಮಾಯಬೇಕು? ಕೀವು ಏರ್ತಾ ಜ್ವರ ಬಂದರೆ ಮಾತ್ರ ಕಾಯಬೇಡಿ, ಆಗ ಕೀವು ತೆಗೆಸುವುದೇ ಮೊದಲು. ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಚಿ, ಸ್ಪರ್ಶ ಹೋದರೂ ಬೆಳಗಿನ ಬಸ್ಸಿಗೆ ಕಾಯದೆ ಹೊರಡಿ. ಅಲ್ಲಿ ಗಂಟೆಗಳ ಲೆಕ್ಕ.

ನಾಳೆಯೇ ರಕ್ತನಾಳದ ಸರ್ಜನ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಡಾಪ್ಲರ್‌ನಲ್ಲಿ ಮಂಡಿಯ ಮೇಲೆ ಕಟ್ಟಿದೆಯಾ ಕೆಳಗಾ, ಏನಂದರು ಅಂತ ಇಲ್ಲೇ ಬರೀರಿ.