ಸಂಪಾದಕರ ಉತ್ತರ: ಗಾಡಿಯ ಕಾಲೆಳೆಯಿರಿ, ಸವಾರನ ಜೇಬಿನ ತಂಟೆ ಬೇಡ

ಓದುಗ ಮಿತ್ರರೇ,

ನಿಮ್ಮ ಪತ್ರದಲ್ಲಿ ಅರ್ಧ ನಗು, ಅರ್ಧ ಸಿಟ್ಟು ಇದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನಿಮ್ಮದೊಂದು ಸವಾರರ ಗುಂಪು. ನೀವು ಹಳೇ ಬುಲೆಟ್ ಪಕ್ಷ, ಉಳಿದವರಲ್ಲಿ ಜಪಾನಿ ಗಾಡಿಯವರು ಜಾಸ್ತಿ. ವರ್ಷಗಟ್ಟಲೆ ಒಬ್ಬರ ಕಾಲು ಇನ್ನೊಬ್ಬರು ಎಳೆದುಕೊಂಡು ಚೆನ್ನಾಗಿಯೇ ಇದ್ದಿರಿ. ಮೊನ್ನೆ ಹೊಸದಾಗಿ ಸೇರಿದ ಹುಡುಗನ ಚಿಕ್ಕ ಬೈಕ್ ನೋಡಿ ಯಾರೋ "ಇದನ್ನೂ ಬೈಕ್ ಅಂತಾರಾ?" ಅಂದರು. ಅವನು ಮುಂದಿನ ರೈಡ್‌ಗೆ ಬರಲಿಲ್ಲ. ತಮಾಷೆಯನ್ನೇ ತಡೆಯದವನಿಗೆ ಗುಂಪು ಯಾಕೆ ಅಂತ ಕೆಲವರು, ಅದು ತಮಾಷೆಯೇ ಅಲ್ಲ ಅಂತ ಕೆಲವರು. ನೀವು ಕೇಳಿರುವುದು ಮೂರು ಪ್ರಶ್ನೆ. ಬ್ರ್ಯಾಂಡ್ ನಿಷ್ಠೆ ಅನ್ನೋದು ಬರೀ ಹುಚ್ಚೇ? ತಮಾಷೆ ಎಲ್ಲಿಗೆ ನಿಲ್ಲಬೇಕು? ನಿಮ್ಮ ಪತ್ರಿಕೆಗೆ ಯಾವ ಕಂಪನಿಯ ಮೇಲೆ ಒಲವು?

ಕೊನೆಯದು ಸುಲಭ, ಅದನ್ನು ಮೊದಲು ಮುಗಿಸೋಣ. ಒಂದೇ ವಿಮರ್ಶೆ ಓದಿ "ನೀವು ಆ ಕಂಪನಿಗೆ ಮಾರಿಕೊಂಡಿದ್ದೀರಿ" ಅಂತ ಒಬ್ಬರು ಬರೆಯುತ್ತಾರೆ, "ಆ ಕಂಪನಿ ಕಂಡರೆ ನಿಮಗೆ ಯಾಕಿಷ್ಟು ಹೊಟ್ಟೆಕಿಚ್ಚು" ಅಂತ ಇನ್ನೊಬ್ಬರು. ಎರಡೂ ಪತ್ರ ಒಂದೇ ಅಂಚೆಯಲ್ಲಿ ಬರುತ್ತಿರುವಷ್ಟು ಕಾಲ ನಮಗೆ ಚಿಂತೆಯಿಲ್ಲ.

ಇನ್ನು ನಿಷ್ಠೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಕ್ಕು ಸುಮ್ಮನಾಗಬಹುದು. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಸವಾರನ ನಿಷ್ಠೆ ಟ್ಯಾಂಕ್ ಮೇಲಿನ ಹೆಸರಿನಿಂದ ಶುರುವಾಗುವುದು ಕಡಿಮೆ. ಅದು ಶುರುವಾಗುವುದು ಕಾಲಿನಿಂದ, ಕಿವಿಯಿಂದ.

ನಿಮ್ಮ ಬುಲೆಟ್ಟನ್ನೇ ನೋಡಿ. ಹಳೇ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಮೊದಲ ಗೇರ್ ಮೇಲಕ್ಕೆ, ಉಳಿದವು ಕೆಳಕ್ಕೆ. ಬುಲೆಟ್ ಮೂಲತಃ ಬ್ರಿಟಿಷ್ ಗಾಡಿ, ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬಲಗಾಲಿನ ಗೇರೇ ರೂಢಿ. ಜಪಾನಿನ ಗಾಡಿಗಳಲ್ಲಿ ಗೇರ್ ಎಡಗಾಲಿಗೆ. 1970ರ ದಶಕದ ಮಧ್ಯದಲ್ಲಿ ಅಮೆರಿಕ ಎಡಗಾಲಿನ ಗೇರನ್ನೇ ಕಡ್ಡಾಯ ಮಾಡಿತು. ಅಲ್ಲಿನ ಮಾರುಕಟ್ಟೆ ಬೇಕಾದವರೆಲ್ಲ ಅದೇ ದಾರಿ ಹಿಡಿದರು. ಎಡಗಾಲಿನ ಗೇರಿಗೆ ಒಗ್ಗಿದವನನ್ನು ಹಳೇ ಬುಲೆಟ್ ಮೇಲೆ ಕೂರಿಸಿ. ಖಾಲಿ ರಸ್ತೆಯಲ್ಲಿ ಯೋಚಿಸಿ ಯೋಚಿಸಿ ಸರಿಯಾಗಿಯೇ ಓಡಿಸುತ್ತಾನೆ. ಎದುರಿಗೆ ತಟ್ಟನೆ ಏನಾದರೂ ಅಡ್ಡ ಬಂತು ಅಂದುಕೊಳ್ಳಿ. ಬ್ರೇಕ್ ಅಂತ ಬಲಗಾಲು ಒತ್ತುತ್ತಾನೆ, ಒತ್ತಿದ್ದು ಗೇರ್. ಗಾಡಿ ನಿಧಾನವಾಗುವ ಬದಲು ಮುಂದಿನ ಗೇರಿಗೆ ಜಿಗಿಯುತ್ತದೆ. ವರ್ಷಗಟ್ಟಲೆ ಕಾಲು ಕಲಿತದ್ದನ್ನು ಬಿಡುವುದು ಅಷ್ಟು ಕಷ್ಟ. ಇದನ್ನು ನಿಷ್ಠೆ ಅಂತೀರೋ ಅಭ್ಯಾಸ ಅಂತೀರೋ, ಎರಡರ ನಡುವೆ ನನಗಂತೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಕಿವಿಯದು ಇನ್ನೂ ಮಜಾ. ಹಾರ್ಲೆ ಡೇವಿಡ್‌ಸನ್‌ನ ಸಾಂಪ್ರದಾಯಿಕ ಎಂಜಿನ್‌ನಲ್ಲಿ ಎರಡು ಸಿಲಿಂಡರ್‌ಗಳ ನಡುವಿನ ಕೋನ 45 ಡಿಗ್ರಿ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡವೇ ಕ್ರ್ಯಾಂಕ್, ಎರಡೂ ಪಿಸ್ಟನ್ನಿನ ರಾಡ್ ಕೂರುವುದು ಅದರ ಒಂದೇ ಪಿನ್ ಮೇಲೆ. ಹಾಗಾಗಿ ಒಂದು ಸಿಲಿಂಡರ್ ಹೊಡೆದ ಮೇಲೆ ಕ್ರ್ಯಾಂಕ್ 315 ಡಿಗ್ರಿ ತಿರುಗಿದಾಗ ಇನ್ನೊಂದರ ಹೊಡೆತ, ಆಮೇಲೆ 405 ಡಿಗ್ರಿಯ ಬಿಡುವು. ಆ ಕುಂಟು ತಾಳ ಹುಟ್ಟುವುದು ಅಲ್ಲಿಂದ. ಅದನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಬೇಕು ಅಂತ ಕಂಪನಿ 1994ರಲ್ಲಿ ಅರ್ಜಿ ಹಾಕಿತು. ಬೇರೆ ಕಂಪನಿಗಳು ತಕರಾರು ತೆಗೆದವು. 2000ದಲ್ಲಿ ಕಂಪನಿಯೇ ಅರ್ಜಿ ವಾಪಸ್ ತಗೊಂಡಿತು. ಡುಕಾಟಿಯ ಹಳೇ ಡ್ರೈ ಕ್ಲಚ್, ಅಂದರೆ ಆಯಿಲಿನಲ್ಲಿ ಮುಳುಗದ ಕ್ಲಚ್, ನಿಂತಲ್ಲೇ ಗಲಗಲ ಅನ್ನುತ್ತದೆ. ಹೊರಗಿನವನಿಗೆ ಏನೋ ಮುರಿದಿದೆ ಅನ್ನಿಸುವ ಸದ್ದು ಅದು, ಮಾಲೀಕನಿಗೆ ಅದೇ ಸಂಗೀತ. ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿದ ಬಿಎಂಡಬ್ಲ್ಯೂ ಬಾಕ್ಸರ್ ನಿಂತಿರುವಾಗ ಒಮ್ಮೆ ಆಕ್ಸಿಲರೇಟರ್ ತಿರುಗಿಸಿ, ಇಡೀ ಗಾಡಿ ಪಕ್ಕಕ್ಕೆ ಸಣ್ಣಗೆ ವಾಲುತ್ತದೆ. ಎಂಜಿನ್‌ನ ಕ್ರ್ಯಾಂಕ್ ಉದ್ದುದ್ದಕ್ಕೆ ಇರುವುದೇ ಕಾರಣ. 1923ರ ಆರ್32 ಮಾದರಿಯಿಂದಲೂ ಆ ಜೋಡಣೆ ಹಾಗೇ ಇದೆ. ಇಂಥವಕ್ಕೆ ಒಗ್ಗಿದ ಮೇಲೆ ಬೇರೆ ಗಾಡಿ ಸಪ್ಪೆ ಅನ್ನಿಸಿದರೆ ಅದು ಹುಚ್ಚಲ್ಲ. ಬಿಡಿಭಾಗ ಸಿಗುವುದು, ಗಾಡಿಯ ನಾಡಿ ಗೊತ್ತಿರುವ ಮೆಕ್ಯಾನಿಕ್ ಸಿಗುವುದು, ಇವೂ ಕಾರಣವೇ.

ಹುಚ್ಚು ಶುರುವಾಗುವುದು ನಮ್ಮ ಗಾಡಿಗೂ ಅವರ ಗಾಡಿಗೂ ಸಂಬಂಧವೇ ಇಲ್ಲ ಅಂದುಕೊಂಡಾಗ. ಕಂಪನಿ ಯಾವುದೇ ಇರಲಿ, ಬ್ರೇಕ್ ಬ್ರೆಂಬೋದು, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬಾಷ್‌ದು, ಸ್ಪಾರ್ಕ್ ಪ್ಲಗ್ ಎನ್‌ಜಿಕೆಯದು ಇರಬಹುದು. ಟಿವಿಎಸ್ ಅಪಾಚೆ ಆರ್‌ಆರ್ 310ಕ್ಕೂ ಬಿಎಂಡಬ್ಲ್ಯೂ ಜಿ 310 ಆರ್‌ಗೂ ಎಂಜಿನ್ ಮೂಲತಃ ಒಂದೇ, ಎರಡನ್ನೂ ಕಟ್ಟಿದ್ದು ಟಿವಿಎಸ್ಸೇ. ಐವತ್ತು, ಅರವತ್ತರ ದಶಕದ ಇಂಗ್ಲೆಂಡಿನ ಹುಡುಗರು ಇನ್ನೂ ಜಾಣರು. ನಾರ್ಟನ್ನಿನ ಫೆದರ್‌ಬೆಡ್ ಫ್ರೇಮ್ ತಿರುವಿನಲ್ಲಿ ಗಟ್ಟಿ, ಟ್ರಯಂಫ್‌ನ ಎರಡು ಸಿಲಿಂಡರ್ ಎಂಜಿನ್ ಓಟದಲ್ಲಿ ಗಟ್ಟಿ. ಒಂದರೊಳಗೆ ಇನ್ನೊಂದನ್ನು ಕೂರಿಸಿ ಟ್ರೈಟನ್ ಅಂತ ಹೆಸರಿಟ್ಟರು. ಯಾವ ಪಕ್ಷಕ್ಕೂ ಸೇರದ ಆ ಗಾಡಿಯನ್ನು ಇಂದಿಗೂ ಜನ ಹುಡುಕಿಕೊಂಡು ಹೋಗುತ್ತಾರೆ.

ರೇಸ್ ಅಭಿಮಾನಿಗಳದ್ದೂ ಇದೇ ಕಥೆ. ಮೋಟೋಜಿಪಿ ರೇಸ್‌ಗಳಲ್ಲಿ ಹೋಂಡಾ ಮೇಲೆ ಸಾಲಾಗಿ ಗೆದ್ದ ಸವಾರ ವ್ಯಾಲೆಂಟಿನೊ ರೊಸ್ಸಿ 2004ಕ್ಕೆ ಯಮಾಹಾ ಸೇರಿದರು. 1992ರಿಂದ ಆ ದರ್ಜೆಯ ಚಾಂಪಿಯನ್ ಪಟ್ಟ ಕಾಣದಿದ್ದ ಕಂಪನಿ ಅದು. ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ಮೊದಲ ರೇಸನ್ನೇ ಗೆದ್ದು, ಗಾಡಿ ನಿಲ್ಲಿಸಿ ಮುತ್ತಿಟ್ಟರು. ಆ ವರ್ಷ ಪಟ್ಟವೂ ಅವರದೇ. ನಿನ್ನೆಯವರೆಗೆ ಯಮಾಹಾ ಅಂದರೆ ಮೂಗು ಮುರಿಯುತ್ತಿದ್ದ ಅಭಿಮಾನಿ ಏನು ಮಾಡಬೇಕು? ರೊಸ್ಸಿಯ ನಂಬರ್ 46ರ ಬಾವುಟ ಹಿಡಿದು ಜೊತೆಗೇ ಹೊರಟ. ಮುಂದೆ 2011 ಮತ್ತು 2012ರಲ್ಲಿ ಡುಕಾಟಿ ಮೇಲೆ ಅವರಿಗೆ ಒಂದೂ ಗೆಲುವು ಸಿಗಲಿಲ್ಲ, ಆಗಲೂ ಬಾವುಟ ಇಳಿಯಲಿಲ್ಲ.

ಕಂಪನಿ ಕಂಪನಿ ನಡುವಿನ ಜಗಳವನ್ನು ನಾವು ಆನುವಂಶಿಕ ಆಸ್ತಿ ಥರ ಹಂಚಿಕೊಳ್ಳಬೇಕಾಗಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಹೋಂಡಾವನ್ನು ಹಿಂದೆ ಹಾಕಲು ಯಮಾಹಾ ಹೊರಟಾಗ, ಹೋಂಡಾ ಒಂದೂವರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಹೊಸ ಅಥವಾ ಬದಲಾದ ಮಾದರಿ ತಂದು ಸುರಿಯಿತು. ಯಮಾಹಾ ಗೋದಾಮಿನಲ್ಲಿ ಗಾಡಿಗಳು ಮಾರಾಟವಾಗದೆ ಕೂತವು. 1983ರಲ್ಲಿ ಯಮಾಹಾ ಬಹಿರಂಗವಾಗಿ ಸೋಲೊಪ್ಪಿತು. ಅದು ಮಾರುಕಟ್ಟೆಯ ಲೆಕ್ಕ. ಅವರ ಲಾಭ ನಷ್ಟದಲ್ಲಿ ನಮಗೇನು ಪಾಲಿದೆ?

ಈಗ ತಮಾಷೆಗೆ ಬರೋಣ. ಒಳ್ಳೆಯ ತಮಾಷೆಗೆ ಗಾಡಿಯ ಜ್ಞಾನ ಬೇಕು. "ಹಳೇ ಬ್ರಿಟಿಷ್ ಗಾಡಿಯ ಕೆಳಗೆ ಆಯಿಲ್ ಬಿದ್ದಿಲ್ಲ ಅಂದರೆ ಒಳಗೂ ಆಯಿಲ್ ಇಲ್ಲ ಅಂತ ಅರ್ಥ" ಅನ್ನುವ ಮಾತನ್ನೇ ತಗೊಳ್ಳಿ. ಇದರ ಹಿಂದೆ ಕಾರಣ ಇದೆ. ಆ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಕೂರುವ ಕವಚ, ಅಂದರೆ ಕ್ರ್ಯಾಂಕ್‌ಕೇಸ್, ಎಡ ಬಲ ಅಂತ ಎರಡು ಹೋಳು. ಜೋಡಣೆಯ ಗೆರೆ ತಳದವರೆಗೂ ಇಳಿಯುತ್ತದೆ, ಆಯಿಲ್ ಅಲ್ಲಿಂದ ದಾರಿ ಹುಡುಕುತ್ತದೆ. 1969ರ ಹೋಂಡಾ ಸಿಬಿ750ಯಲ್ಲಿ ಹೋಳಾಗಿದ್ದು ಅಡ್ಡಡ್ಡ, ಮೇಲೊಂದು ಕೆಳಗೊಂದು. ಹೋಳಿನ ಆ ಗೆರೆ ತಳಕ್ಕೆ ಇಳಿಯುವುದೇ ಇಲ್ಲ. ಇದು ಗೊತ್ತಿದ್ದವನು ಕಾಲೆಳೆದರೆ ಎದುರಿನವನೂ ನಗುತ್ತಾನೆ. "ನಿಂದು ಗಾಡಿಯೋ ಹೊಲಿಗೆ ಮೆಷಿನ್ನೋ, ಸ್ಟಾರ್ಟ್ ಆಗಿದೆಯಾ ಅಂತ ಬಗ್ಗಿ ನೋಡಬೇಕು" ಅಂತ ತಿರುಗಿಸಿ ಕೊಡುತ್ತಾನೆ. ಲೆಕ್ಕ ಚುಕ್ತಾ.

ಹೊಸ ಹುಡುಗನಿಗೆ ಅಂದ ಮಾತಿನಲ್ಲಿ ಗಾಡಿಯ ಬಗ್ಗೆ ಏನಿತ್ತು ಹೇಳಿ? ಏನೂ ಇಲ್ಲ. ಅವನ ಜೇಬಿನ ಬಗ್ಗೆ ಇತ್ತು. ಅದಕ್ಕೆ ಅವನು ತಿರುಗಿಸಿ ಏನು ಹೇಳಬೇಕು? ಸಿಸಿ, ಅಂದರೆ ಎಂಜಿನ್ನಿನ ಗಾತ್ರ, ನೋಡಿ ಪಂಕ್ತಿಭೇದ ಮಾಡುವುದು ನಮ್ಮ ಸವಾರರಲ್ಲಿ ಇರುವ ಅತಿ ಕೆಟ್ಟ ಚಾಳಿ ಅಂತ ನಾನು ನೇರವಾಗಿಯೇ ಬರೆಯುತ್ತೇನೆ, ಯಾರಿಗೆ ಬೇಸರವಾದರೂ ಸರಿ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಮೋಟಾರು ವಾಹನ ಹೋಂಡಾ ಸೂಪರ್ ಕಬ್. 1958ರಲ್ಲಿ ಬಂದಾಗ ಅದು ಬರೀ 50 ಸಿಸಿ. 2017ರ ಹೊತ್ತಿಗೆ 10 ಕೋಟಿ ದಾಟಿತ್ತು. ಹೋಂಡಾ 1959ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್‌ಗೆ ಮೊದಲ ಸಲ ಹೋಗಿದ್ದೂ 125 ಸಿಸಿ ಗಾಡಿ ಹಿಡಿದುಕೊಂಡೇ. ಎರಡೇ ವರ್ಷಕ್ಕೆ ಅಲ್ಲಿ ಗೆದ್ದಿತು. ಇದನ್ನೂ ಬೈಕ್ ಅಂತಾರೆ.

ಇನ್ನೊಂದು ಮಾತು. ಯಾರ ಗಾಡಿ ಮೇಲು ಅನ್ನುವುದನ್ನು ಗಾಡಿ ನಿಲ್ಲಿಸಿದಾಗ ಎಷ್ಟು ಬೇಕಾದರೂ ವಾದ ಮಾಡಿ. ಓಡುವ ರಸ್ತೆಯಲ್ಲಿ ತೀರ್ಮಾನ ಮಾಡಲು ಹೋಗಬೇಡಿ. ಗಾಡಿ ಬದಲಿಸಿಕೊಂಡು ಓಡಿಸುವುದು ಒಳ್ಳೇದೇ, ಜಗಳ ಅರ್ಧ ಅಲ್ಲೇ ಇಳಿಯುತ್ತದೆ. ಆದರೆ ನಿಮ್ಮ ಬುಲೆಟ್ ಕೊಡುವ ಮುನ್ನ ಖಾಲಿ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿಸಿ. ಕಾರಣ ಮೇಲೆ ಹೇಳಿದ್ದೇ, ಬಲಗಾಲು.

ಆ ಹುಡುಗನನ್ನು ಮತ್ತೆ ಕರೆಯಿರಿ. ಗುಂಪಿನ ಪರವಾಗಿ ಅಲ್ಲ, ಆ ಮಾತಾಡಿದವರೇ ಫೋನ್ ಮಾಡಲಿ. ರೈಡ್‌ನಲ್ಲಿ ಅವನ ಜಾಗ ಎರಡನೆಯದು, ಮುಂದಾಳುವಿನ ಹಿಂದೆಯೇ. ಚಿಕ್ಕ ಗಾಡಿಯ ವೇಗಕ್ಕೆ ಗುಂಪು ಹೊಂದಿಕೊಂಡರೆ ಯಾರೂ ಹಿಂದೆ ಉಳಿಯುವುದಿಲ್ಲ. ಕೊನೆಯಲ್ಲಿ ಟೂಲ್ಸ್, ಪಂಕ್ಚರ್ ಕಿಟ್ ಇಟ್ಟುಕೊಂಡ ಅನುಭವಸ್ಥರೊಬ್ಬರು ಇರಲಿ. ಪೆಟ್ರೋಲಿಗೆ ಎಲ್ಲೆಲ್ಲಿ ನಿಲ್ಲಬೇಕು ಅನ್ನುವುದನ್ನು ಅತಿ ಬೇಗ ಖಾಲಿಯಾಗುವ ಟ್ಯಾಂಕ್ ನೋಡಿ ನಿರ್ಧರಿಸಿ. ಮೈಲೇಜ್ ಲೆಕ್ಕ ಹಾಕಿದರೆ ಆ ಟ್ಯಾಂಕ್ ನಿಮ್ಮ ಗುಂಪಿನ ಯಾವುದಾದರೂ ದೊಡ್ಡ ಗಾಡಿಯದ್ದೇ ಆಗಿದ್ದರೆ, ಅವತ್ತು ತಿರುಗಿಸಿ ಕೊಡುವ ಸರದಿ ಹುಡುಗನದು.

- ಸಂಪಾದಕ