ಕವಿತೆ, ಕಥೆಯ ಪ್ರಶ್ನೆಗಳಿಗೆ ಒಳಾರ್ಥ ಬರೆಯುವುದು ಹೇಗೆ?

ಸಾಲಿನ ಒಂದು ಪದಕ್ಕೆ ಬೆರಳಿಟ್ಟು, ಅಲ್ಲಿಂದ ಒಂದೇ ಹೆಜ್ಜೆ ಮುಂದೆ ಹೋಗಿ. ಬರಹಗಾರರು ಎಷ್ಟೋ ಸಲ ಭಾವನೆಯನ್ನು ಹೆಸರಿಸುವುದಿಲ್ಲ, ವಸ್ತು ಮತ್ತು ಕ್ರಿಯೆಗಳ ಮೂಲಕ ತೋರಿಸುತ್ತಾರೆ. ಹಾಗೆ ಬಿಟ್ಟ ಜಾಗ ತುಂಬುವುದೇ ಓದುಗರ ಕೆಲಸ.

ಉದಾಹರಣೆಗೆ: "ಬಾಗಿಲ ಬಳಿ ಮಗನ ಚಪ್ಪಲಿ ಇನ್ನೂ ಹಾಗೇ ಇದೆ, ಅಮ್ಮ ದಿನವೂ ಧೂಳು ಒರೆಸುತ್ತಾಳೆ." ಅಮ್ಮನ ಮನಸ್ಥಿತಿ ಏನು ಎಂಬುದು ಪ್ರಶ್ನೆ. "ಅಮ್ಮ ಚಪ್ಪಲಿ ಒರೆಸುತ್ತಾಳೆ" ಎಂದರೆ ಅದೇ ಸಾಲನ್ನು ಮತ್ತೆ ಬರೆದಂತೆ. "ಮಗ ಸತ್ತಿದ್ದಾನೆ" ಎಂದರೆ ಅತಿಯಾಯಿತು, ಸಾಲಿನಲ್ಲಿ ಅದಕ್ಕೆ ಆಧಾರವಿಲ್ಲ. ಹೀಗೆ ಬರೆಯಿರಿ: "ಅಮ್ಮ ಮಗನನ್ನು ಮನಸ್ಸಿನಿಂದ ಬಿಟ್ಟುಕೊಟ್ಟಿಲ್ಲ. 'ಇನ್ನೂ' ಎಂಬುದು ಅವನು ಹೋಗಿ ಬಹಳ ದಿನವಾಗಿದೆ ಎಂದು ಸೂಚಿಸುತ್ತದೆ. 'ದಿನವೂ' ಎಂಬುದು ಅವಳ ಹಂಬಲ ತಗ್ಗಿಲ್ಲವೆಂದು."

ಇಂಥ ಪುಟ್ಟ ಪದಗಳನ್ನೇ ಹೆಚ್ಚಿನವರು ದಾಟಿಬಿಡುತ್ತಾರೆ. 'ಆದರೂ', 'ಮಾತ್ರ', 'ಕೊನೆಗೂ' ಎಂಬ ಪದಗಳು ಕಂಡಲ್ಲಿ ಅಡಿಗೆರೆ ಎಳೆಯಿರಿ. ಕನ್ನಡದಲ್ಲಂತೂ ಒಂದು ದೀರ್ಘ ಸ್ವರವೇ ಸುಳಿವು: "ಅವನು ಬಂದ" ಬರೀ ಸುದ್ದಿ, "ಅವನೂ ಬಂದ" ಎಂದರೆ ಬೇರೆಯವರೂ ಬಂದಿದ್ದಾರೆ, ಬಹುಶಃ ಅವನು ಬರುವ ನಿರೀಕ್ಷೆ ಇರಲಿಲ್ಲ.

ಎರಡು ಅರ್ಥ ಹೊಳೆದರೆ, ಹೆಚ್ಚು ಪದಗಳ ಬೆಂಬಲ ಇರುವುದನ್ನು ಆರಿಸಿ.