ಅಳಿಸಿದ ಹಾಡು, ಹಿರಿಯರು ಬೇಡವೆಂದ ಸಾಲು

ಪ್ರಶ್ನೆ: ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಗೆ ಹಾಡು ಆರಿಸುವ ಜವಾಬ್ದಾರಿ ನನ್ನದು. ಗಿಟಾರ್ ನುಡಿಸುವ ನನ್ನ ಮೈದುನ ಎರಡು ತಿಂಗಳ ಹಿಂದೆ ಬೇರೆ ಭಾಷೆಯಿಂದ ಅನುವಾದವಾದ ಹೊಸ ಹಾಡೊಂದನ್ನು ತಂದ. ಅಮ್ಮ ತೀರಿಕೊಂಡ ಮೇಲೆ ಸಭೆಯಲ್ಲಿ ಬಾಯಿಬಿಟ್ಟು ಹಾಡಲಾಗದೆ ನಿಲ್ಲುತ್ತಿದ್ದ ನಾನು, ಈ ಹಾಡಿಗೆ ಮೊದಲ ಸಲ ಅತ್ತು ಹಾಡಿದೆ. ಈಗ ಹಿರಿಯರೊಬ್ಬರು, "ಇದು ವಾಕ್ಯಕ್ಕೆ ವಿರುದ್ಧ, ಬರೀ ನಾನು ನಾನು ಅಂತಿದೆ, ಹೇಳಿದ್ದನ್ನೇ ಹೇಳುತ್ತದೆ, ನಿಲ್ಲಿಸಿ" ಎನ್ನುತ್ತಿದ್ದಾರೆ. ಮೈದುನನ ಮಾತು, "ದೇವರು ನೋಡೋದು ಹೃದಯ, ವ್ಯಾಕರಣ ಅಲ್ಲ" ಎಂದು. ಮನೆಯಲ್ಲಿ ಅವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಹಾಡಿನ ಮುಖ್ಯ ಸಾಲುಗಳು ಇವು: "ತಂದೆಯೇ, ನನಗಾಗಿ ಶಿಲುಬೆಯಲಿ ಸತ್ತೆ", "ನಾ ಹಾಡುವಾಗ ನೀ ಇಳಿದು ಬರುವೆ", "ಬೆಟ್ಟವು ಬೀಳಲೇಬೇಕು, ನಾ ನುಡಿದ ಜಯ ನನ್ನದಾಗಲೇಬೇಕು", "ನೀ ನನ್ನ ಬಿಡಲಾರೆ, ಬಿಡಲಾರೆ". ಈ ಹಾಡನ್ನು ಇಟ್ಟುಕೊಳ್ಳಲೋ, ಬಿಡಲೋ? ನಾನು ಅತ್ತದ್ದು ಸುಳ್ಳೇ?

ಉತ್ತರ:

ಪ್ರಿಯ ಸಹೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸುಳ್ಳಲ್ಲ. ಏಕೆ ಸುಳ್ಳಲ್ಲ ಎಂಬುದು ನಾಲ್ಕನೆಯ ಸಾಲಿಗೆ ಬಂದಾಗ ಗೊತ್ತಾಗುತ್ತದೆ. ಆದರೆ ನಿಮ್ಮ ಕಣ್ಣೀರು ನಿಜವೆಂದ ಮಾತ್ರಕ್ಕೆ ಹಾಡಿನ ಮೂರೂ ಉಳಿದ ಸಾಲುಗಳು ಸರಿಯಾಗುವುದಿಲ್ಲ. ಹಿರಿಯರೂ ಮೈದುನನೂ ಇಡೀ ಹಾಡನ್ನು ಒಂದೇ ಗಂಟು ಮಾಡಿ, ಒಬ್ಬರು ಹೊರಗೆ ಎಸೆಯುತ್ತಿದ್ದಾರೆ, ಇನ್ನೊಬ್ಬರು ಎದೆಗೆ ಅವಚಿಕೊಂಡಿದ್ದಾರೆ. ನೀವು ಆ ಗಂಟು ಬಿಚ್ಚಬೇಕು.

ಒಂದು ಸಂಜೆ ಗಿಟಾರ್, ಮೊಬೈಲ್ ಎರಡನ್ನೂ ಬದಿಗಿಟ್ಟು ಇಡೀ ಸಾಹಿತ್ಯವನ್ನು ಕೈಯಿಂದ ಬರೆಯಿರಿ. ಸಾಲಿಗೆ ಸಾಲಿಗೆ ಎರಡು ಬೆರಳಷ್ಟು ಜಾಗ ಬಿಡಿ. ಈಗ ಅದನ್ನು ರಾಗವಿಲ್ಲದೆ, ಪ್ರಾರ್ಥನೆ ಮಾಡುವ ದನಿಯಲ್ಲಿ ಗಟ್ಟಿಯಾಗಿ ಓದಿ. ರಾಗ ಇದ್ದಾಗ ನುಣುಚಿಕೊಂಡು ಹೋಗುವ ಮಾತು ಓದುವಾಗ ನಾಲಗೆಗೆ ಸಿಕ್ಕಿಬೀಳುತ್ತದೆ. ಪ್ರತಿ ಸಾಲಿನ ಕೆಳಗೆ ಮೂರು ಸಂಗತಿ ಬರೆಯಿರಿ: ಮಾತು ಯಾರಿಗೆ ಹೇಳಿದ್ದು, ಕೆಲಸ ಮಾಡುವವರು ಯಾರು, ಇದು ಬೇಡಿಕೆಯೋ ಹೇಳಿಕೆಯೋ. ಆಮೇಲೆ ಆ ಸಾಲನ್ನು ಹೊರುವ ಬೈಬಲಿನ ವಚನ ಯಾವುದೆಂದು ಹುಡುಕಿ. ವಚನ ಸಿಕ್ಕ ಕೂಡಲೇ ನಿಲ್ಲಬೇಡಿ, ಆ ಅಧ್ಯಾಯವನ್ನು ಪೂರ್ತಿ ಓದಿ. ಇಲ್ಲೇ ಹೆಚ್ಚಿನವರು ಜಾರುವುದು. ಯೆರೆಮೀಯ 29:11ರ "ನಿಮ್ಮ ಮೇಲಿರುವ ಯೋಚನೆಗಳು" ಎಷ್ಟೋ ಹಾಡುಗಳಲ್ಲಿ ಬರುತ್ತದೆ. ಅದರ ಹಿಂದಿನ ವಚನದಲ್ಲೇ ಬಾಬೆಲಿನ ಸೆರೆಯಲ್ಲಿ 70 ವರ್ಷ ಕಳೆಯಬೇಕೆಂದಿದೆ ಎಂಬುದು ಹಾಡಿನೊಳಗೆ ಬರುವುದೇ ಇಲ್ಲ.

ಈಗ ನಿಮ್ಮ ಸಾಲುಗಳು.

"ತಂದೆಯೇ, ನನಗಾಗಿ ಶಿಲುಬೆಯಲಿ ಸತ್ತೆ" ಎಂಬುದು ತಪ್ಪು, ಅನುಮಾನವೇ ಇಲ್ಲ. ಶಿಲುಬೆಯಲ್ಲಿ ಸತ್ತವನು ಮಗನು. ಸಾಯುವ ಗಳಿಗೆಯಲ್ಲಿ ಆತನು ತಂದೆಯನ್ನು ಕರೆದು ತನ್ನ ಆತ್ಮವನ್ನು ಆತನ ಕೈಗೆ ಒಪ್ಪಿಸಿದನು (ಲೂಕ 23:46). ಕರೆದವನೂ ಕರೆಸಿಕೊಂಡವನೂ ಒಬ್ಬನೇ ಆದರೆ ಆ ವಚನಕ್ಕೆ ಅರ್ಥವೇ ಉಳಿಯುವುದಿಲ್ಲ. ಈ ಗೊಂದಲ ಹೊಸದೇನಲ್ಲ. 3ನೆಯ ಶತಮಾನದ ಆರಂಭದಲ್ಲಿ ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲಿಯನ್, ತಂದೆ ಮಗ ಇಬ್ಬರೂ ಒಬ್ಬನೇ ಎಂದು ಬೋಧಿಸಿದ ಪ್ರಾಕ್ಸೆಯಸ್ ಎಂಬವನ ವಿರುದ್ಧ ಬರೆಯುತ್ತಾ, ಅವನು ತಂದೆಯನ್ನೇ ಶಿಲುಬೆಗೆ ಹಾಕಿದನೆಂದು ದೂರಿದ್ದು ಇದೇ ಕಾರಣಕ್ಕೆ. ಮೈದುನ ಯೆಶಾಯ 9:6 ತೆರೆದು, ಅಲ್ಲಿ ಹುಟ್ಟುವ ಮಗುವಿಗೇ "ನಿತ್ಯನಾದ ತಂದೆ" ಎಂಬ ಹೆಸರಿದೆಯಲ್ಲ ಎಂದು ಕೇಳಬಹುದು. ಕೇಳಲಿ, ಒಳ್ಳೆಯ ಪ್ರಶ್ನೆ. ಅಲ್ಲಿ ಅದು ಬರಲಿರುವ ಅರಸನ ಬಿರುದು, ಪ್ರಜೆಗಳನ್ನು ತಂದೆಯಂತೆ ಕಾಯುವವನು ಎಂದು. ತ್ರಿಯೇಕತ್ವದಲ್ಲಿ (ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿ ಇರುವ ಒಬ್ಬನೇ ದೇವರಲ್ಲಿ) ತಂದೆ ಮಗ ಇಬ್ಬರೂ ಒಬ್ಬನೇ ವ್ಯಕ್ತಿಯೆಂದು ಆ ವಚನ ಹೇಳುತ್ತಿಲ್ಲ.

ಆದರೆ ಈ ತಪ್ಪು ಬರೆದವರದೋ ಅನುವಾದಿಸಿದವರದೋ ನೋಡಿ. ಮೂಲದಲ್ಲಿ "ಕರ್ತನೇ" ಎಂಬರ್ಥದ ಪದವಿದ್ದು ಇಲ್ಲಿ "ತಂದೆಯೇ" ಆಗಿರಬಹುದು. ಹಾಗಿದ್ದರೆ ತಿದ್ದುವುದು ಬಲು ಸುಲಭ. ತಂದೆಯೇ, ಕರ್ತನೇ, ಯೇಸುವೇ, ಮೂರೂ ಗುರು-ಲಘು-ಗುರು, ಮೂರಕ್ಕೂ ಐದೇ ಮಾತ್ರೆ. ರಾಗದ ಒಂದು ಎಳೆಯೂ ಅಲುಗುವುದಿಲ್ಲ. ಆದರೂ ನೀವೇ ಬದಲಿಸಿ ಪ್ರೊಜೆಕ್ಟರ್‌ಗೆ ಹಾಕಿಬಿಡಬೇಡಿ. ಕಾಪಿರೈಟ್ ಇರುವ ಹಾಡಿನ ಪದ ಬದಲಿಸಲು, ಅನುವಾದಿಸಲು ಹಕ್ಕುದಾರರ ಒಪ್ಪಿಗೆ ಬೇಕು. ಸಭೆಯಲ್ಲಿ ಹಾಡಲು ಲೈಸೆನ್ಸ್ ಇದೆಯೆಂದರೆ ಪದ ತಿದ್ದಲೂ ಅನುಮತಿ ಇದೆ ಎಂದಲ್ಲ. ಸಾಲು, ಕಾರಣ, ಬದಲಿ ಪದ, ಇಷ್ಟನ್ನೇ ವಿನಯದಿಂದ ಬರೆದು ಕಳಿಸಿ.

ಎರಡನೆಯ ಸಾಲು ಅಷ್ಟು ಸರಳವಲ್ಲ. "ನಾ ಹಾಡುವಾಗ ನೀ ಇಳಿದು ಬರುವೆ" ಎಂಬುದಕ್ಕೆ ಸಾಮಾನ್ಯವಾಗಿ ಕೀರ್ತನೆ 22:3ನ್ನು ಆಧಾರ ಕೊಡುತ್ತಾರೆ, ದೇವರು ಇಸ್ರಾಯೇಲ್ಯರ ಸ್ತೋತ್ರಗಳ ಮೇಲೆ ಆಸೀನನಾಗಿದ್ದಾನೆಂದು. ಆ ಕೀರ್ತನೆ ಶುರುವಾಗುವುದು ಹೇಗೆ ನೋಡಿ: ನನ್ನ ದೇವರೇ, ಯಾಕೆ ಕೈಬಿಟ್ಟಿದ್ದೀ ಎಂದು. ಹಗಲೂ ರಾತ್ರಿಯೂ ಕೂಗಿದರೂ ಉತ್ತರ ಸಿಗದವನು, ಆದರೂ ನೀನೇ ಸಿಂಹಾಸನದ ಮೇಲಿರುವವನು ಎನ್ನುತ್ತಾನೆ. ಹಾಡಿದರೆ ದೇವರು ಬರುತ್ತಾನೆಂಬ ಸೂತ್ರ ಅಲ್ಲಿಲ್ಲ, ಬಂದಂತೆ ಕಾಣದಿದ್ದಾಗಲೂ ಬಿಡದ ನಂಬಿಕೆ ಇದೆ. ಸೊಲೊಮೋನನ ಆಲಯದಲ್ಲಿ ಗಾಯಕರು ಒಂದೇ ಸ್ವರದಲ್ಲಿ ಹಾಡಿದಾಗ ಮೇಘ ತುಂಬಿದ್ದು ನಿಜ (2 ಪೂರ್ವಕಾಲವೃತ್ತಾಂತ 5:13-14). ಅದು ನಡೆದ ಸಂಗತಿ. ಪ್ರತಿ ಭಾನುವಾರಕ್ಕೆ ಕೊಟ್ಟ ವಾಗ್ದಾನವಲ್ಲ. ನಾವು ದೇವರ ಸಮೀಪಕ್ಕೆ ಹೋಗುವ ದಾರಿ ಯೇಸುವಿನ ರಕ್ತವೆಂದು ಇಬ್ರಿಯರಿಗೆ 10:19-22 ಹೇಳುತ್ತದೆ, ಸಂಗೀತವಲ್ಲ. ಈ ಸಾಲನ್ನು ನಂಬಿದವರಿಗೆ ಆಗುವ ಹಾನಿಯನ್ನೂ ಯೋಚಿಸಿ. ಒಂದು ವಾರ ಏನೂ ಅನ್ನಿಸದಿದ್ದರೆ ದೇವರೇ ಬರಲಿಲ್ಲ, ನಾನು ಸರಿಯಾಗಿ ಹಾಡಲಿಲ್ಲ ಎಂದು ಕೊರಗುತ್ತಾರೆ. ಟೀಮಿನವರು ಸೌಂಡ್ ಏರಿಸುತ್ತಾ ಹೋಗುತ್ತಾರೆ.

ಹಾಗೆಂದು ಇಳಿದು ಬಾ ಎನ್ನುವುದೇ ತಪ್ಪೇ? ಅಲ್ಲ. ಯೆಶಾಯ 64:1 ಆಕಾಶವನ್ನು ಸೀಳಿ ಇಳಿದು ಬರುವಂತೆ ಮೊರೆಯಿಡುತ್ತದೆ. ವ್ಯತ್ಯಾಸ ಇರುವುದು ಕ್ರಿಯಾಪದದ ತುದಿಯಲ್ಲಿ. "ಬಾ" ಎಂದರೆ ಪ್ರಾರ್ಥನೆ. "ನಾ ಹಾಡುವಾಗ ಬರುವೆ" ಎಂದರೆ ನನ್ನ ಹಾಡಿಗೆ ದೇವರನ್ನು ಕಟ್ಟಿಹಾಕಿದಂತೆ. ಹೀಗಾಗಿ ವ್ಯಾಕರಣವನ್ನು ದೇವರು ನೋಡುವುದಿಲ್ಲ ಎಂಬ ಮೈದುನನ ಮಾತನ್ನು ನಾನು ಒಪ್ಪಲಾರೆ. ಬೇಡಿಕೆಯನ್ನೂ ಆಜ್ಞೆಯನ್ನೂ ಬೇರೆ ಮಾಡುವುದು ವ್ಯಾಕರಣವೇ. ಈ ಸಾಲನ್ನು ನಾನು ಸುಳ್ಳು ಬೋಧನೆ ಎನ್ನುವುದಿಲ್ಲ, ದಾರಿ ತಪ್ಪಿಸುವಂಥದ್ದು ಎನ್ನುತ್ತೇನೆ.

ಮೂರನೆಯದು ನನ್ನನ್ನು ಹೆಚ್ಚು ಕಾಡಿತು. "ಬೆಟ್ಟವು ಬೀಳಲೇಬೇಕು, ನಾ ನುಡಿದ ಜಯ ನನ್ನದಾಗಲೇಬೇಕು." ಬೆಟ್ಟಕ್ಕೆ ಮಾರ್ಕ 11:23 ಆಧಾರವಿದೆ. ಆದರೆ ಅದರ ಹಿಂದಿನ ವಚನ ಹೇಳುವುದು ದೇವರಲ್ಲಿ ನಂಬಿಕೆ ಇಡಬೇಕೆಂದು, ನಮ್ಮ ನುಡಿಯಲ್ಲಲ್ಲ. ಅದೇ ಮಾರ್ಕನ 14:36ರಲ್ಲಿ ಯೇಸುವೇ, ಎಲ್ಲವೂ ನಿನಗೆ ಸಾಧ್ಯ ಎಂದು ಪೂರ್ಣ ನಂಬಿಕೆಯಿಂದ ಹೇಳಿ, ಕೊನೆಗೆ ನಿನ್ನ ಚಿತ್ತದಂತೆ ಆಗಲಿ ಎನ್ನುತ್ತಾನೆ. ಪೌಲನು ತನ್ನ ಶರೀರದ ಶೂಲ ಹೋಗಲೆಂದು ಮೂರು ಸಲ ಬೇಡಿದ. ಅದು ಹೋಗಲಿಲ್ಲ, ಕೃಪೆ ಸಿಕ್ಕಿತು (2 ಕೊರಿಂಥ 12:8-9). ಬೆಂಕಿಯ ಮುಂದೆ ನಿಂತ ಮೂವರು, ಆತನು ಬಿಡಿಸಬಲ್ಲನು, ಬಿಡಿಸದಿದ್ದರೂ ನಾವು ಅರಸನ ವಿಗ್ರಹಕ್ಕೆ ಅಡ್ಡಬೀಳೆವು ಎಂದರು (ದಾನಿಯೇಲ 3:17-18). ಆ "ಬಿಡಿಸದಿದ್ದರೂ" ಎಂಬ ಪದಕ್ಕೆ ಈ ಹಾಡಿನಲ್ಲಿ ಜಾಗವೇ ಇಲ್ಲ. ಎರಡು ಸಲ ಬರುವ "ಲೇಬೇಕು" ಅದನ್ನು ನುಂಗಿಹಾಕಿದೆ. ನಿಮ್ಮ ತಾಯಿಗಾಗಿಯೂ ನೀವು ಪ್ರಾರ್ಥಿಸಿರುತ್ತೀರಿ. ಹಾಗೆ ಪ್ರಾರ್ಥಿಸಿ ಮಣ್ಣು ಮಾಡಿ ಬಂದವರು ಪ್ರತಿ ಸಭೆಯಲ್ಲೂ ಕೂತಿರುತ್ತಾರೆ. ಅವರ ಬಾಯಲ್ಲಿ ಈ ಸಾಲನ್ನು ಇಡುವುದು ಕ್ರೂರ. ಕೀರ್ತನೆಗಳ ಪುಸ್ತಕದ 150ರಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ದೇವರೇ ತನ್ನ ಜನರ ಬಾಯಿಗೆ ಕೊಟ್ಟ ಹಾಡು ಅದು.

ಹಿರಿಯರ ಬೇರೆ ಎರಡು ದೂರುಗಳು ನಿಲ್ಲುವುದಿಲ್ಲ. ಹೇಳಿದ್ದನ್ನೇ ಹೇಳುವುದು ತಪ್ಪಾದರೆ ಕೀರ್ತನೆ 136ನ್ನು ಹಾಡುವಂತಿಲ್ಲ, ಅದರ 26 ವಚನಗಳೂ ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ. ಆದರೆ ಅಲ್ಲಿ ಪ್ರತಿ ಸಲವೂ ಪಲ್ಲವಿಗೆ ಮುಂಚೆ ಹೊಸ ಕಾರಣ ಬರುತ್ತದೆ, ಸೃಷ್ಟಿ, ಕೆಂಪು ಸಮುದ್ರ, ಅರಣ್ಯ, ಕಡೆಗೆ ಅನ್ನ. ನಿಮ್ಮ ಹಾಡಿನ ಬ್ರಿಡ್ಜ್ (ಚರಣ, ಪಲ್ಲವಿಗಳ ನಡುವೆ ಬರುವ ಭಾಗ) ಎಷ್ಟು ಸಲ ಬರುತ್ತದೆಂದು ಎಣಿಸುವ ಬದಲು ಅದು ಏನನ್ನು ಮನಸ್ಸಿಗೆ ಇಳಿಸುತ್ತಿದೆ ನೋಡಿ. ಹನ್ನೆರಡು ಸಲ ಇಳಿಯುತ್ತಿರುವುದು ಆ "ಲೇಬೇಕು" ಆಗಿದ್ದರೆ ಅಲ್ಲಿದೆ ತೊಂದರೆ. "ನಾನು" ಎಂಬುದೂ ಅಷ್ಟೇ. ಕೀರ್ತನೆ 23 ಪೂರ್ತಿ "ನನ್ನ" ಮಾತೇ, ಆದರೆ ಕೆಲಸ ಮಾಡುವವನು ಕುರುಬನು. ಒಂದೇ ಹಾಡಿನಲ್ಲಿ ಎಲ್ಲವೂ ಇರಬೇಕೆಂದೂ ಹಟ ಬೇಡ. ಮೂರು ತಿಂಗಳ ಹಾಡುಗಳ ಪಟ್ಟಿ ತೆಗೆದು ನೋಡಿ: ಪಾಪ, ಶಿಲುಬೆ, ಪುನರುತ್ಥಾನ, ದುಃಖ, ಕ್ರಿಸ್ತನ ಬರೋಣ, ಯಾವುದು ಬಂದೇ ಇಲ್ಲ? ಹಳೆಯ ಹಾಡುಗಳನ್ನೂ ಇದೇ ಕಾಗದಕ್ಕೆ ಇಳಿಸಿ. ಕ್ರಿಸ್ಮಸ್ ಹಾಡುಗಳ ಮೂವರು ರಾಜರನ್ನೇ ತೆಗೆದುಕೊಳ್ಳಿ. ಮತ್ತಾಯ 2ರಲ್ಲಿರುವುದು ಜೋಯಿಸರು, ಎಷ್ಟು ಜನ ಎಂದಿಲ್ಲ, ಮೂರು ಇರುವುದು ಕಾಣಿಕೆ. ಅದು ಸಣ್ಣ ತಪ್ಪು, ಯಾರ ನಂಬಿಕೆಯನ್ನೂ ಕೆಡಿಸುವುದಿಲ್ಲ. ಎಲ್ಲ ತಪ್ಪಿಗೂ ಒಂದೇ ತೂಕವಿಲ್ಲ.

ಹೃದಯ ಸಾಕು ಎನ್ನುವ ಮಾತಿಗೆ ಒಂದು ಉತ್ತರ ಉಳಿದಿದೆ. ಜನ ಪೂಜಿಸಿದ ಚಿನ್ನದ ಕರುವಿನ ಮುಂದೆ ನಿಂತು ಆರೋನನು ಸಾರಿದ್ದು ಯೆಹೋವನಿಗೆ ಹಬ್ಬವೆಂದೇ (ವಿಮೋಚನಕಾಂಡ 32:5). ಉತ್ಸಾಹಕ್ಕೆ ಕೊರತೆ ಇರಲಿಲ್ಲ. 1 ಕೊರಿಂಥ 14:15ರಲ್ಲಿ ಪೌಲನು ಆತ್ಮದಿಂದ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂದು ಎರಡನ್ನೂ ಜೊತೆಗಿಡುತ್ತಾನೆ. ಹಾಡು ಬೋಧಿಸುತ್ತದೆ ಎಂದು ಕೊಲೊಸ್ಸೆ 3:16 ಹೇಳುತ್ತದೆ, ಸಭೆಯ ಚರಿತ್ರೆಯೂ ಹೇಳುತ್ತದೆ. 4ನೆಯ ಶತಮಾನದಲ್ಲಿ ಅರಿಯಸ್, ಮಗನು ಸೃಷ್ಟಿಯಾದವನು ಎಂಬ ತನ್ನ ಬೋಧನೆಯನ್ನು ಪದ್ಯ ಕಟ್ಟಿ ಹರಡಿದ. ಅದನ್ನು ತಳ್ಳಿಹಾಕಲು 325ರಲ್ಲಿ ನಿಕೇಯದಲ್ಲಿ ಸಭೆ ಸೇರಬೇಕಾಯಿತು. ಅದೇ ಶತಮಾನದ ಸಿರಿಯಾದ ಎಫ್ರೇಮನು ತಪ್ಪು ಹಾಡುಗಳಿಗೆ ಉತ್ತರವಾಗಿ ಸರಿಯಾದ ಹಾಡುಗಳನ್ನೇ ಬರೆದ. ನಿಮ್ಮ ಮೈದುನನಿಗೆ ಆ ಕೈ ಇದ್ದರೆ, ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ.

ಅವನೊಂದಿಗೆ ಹೇಗೆ ಮಾತಾಡಬೇಕೆಂಬುದಕ್ಕೆ ಅಪೊಸ್ತಲರ ಕೃತ್ಯಗಳು 18:26 ನೋಡಿ. ಅಪೊಲ್ಲೋಸನು ಚೆನ್ನಾಗಿ ಮಾತಾಡುತ್ತಿದ್ದ, ತಿಳಿದದ್ದು ಅರ್ಧವಿತ್ತು. ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಸಭಾಮಂದಿರದಲ್ಲಿ ಎಲ್ಲರೆದುರು ತಡೆಯದೆ, ಪ್ರತ್ಯೇಕವಾಗಿ ಕರೆದುಕೊಂಡು ಹೋಗಿ ವಿವರಿಸಿದರು. ನೀವೂ ಪ್ರಾಕ್ಟೀಸಿನಲ್ಲಿ ಈ ಮಾತು ಎತ್ತಬೇಡಿ. ಮನೆಯಲ್ಲಿ, ನಿಮ್ಮ ಯಜಮಾನರನ್ನೂ ಕೂರಿಸಿಕೊಂಡು, ಬರೀ ಸಾಹಿತ್ಯವಿರುವ ಕಾಗದವನ್ನು ಅವನ ಮುಂದಿಡಿ. ನಿಮ್ಮ ಟಿಪ್ಪಣಿ ತೋರಿಸಬೇಡಿ. "ಈ ನಾಲ್ಕು ಸಾಲಿಗೆ ವಚನ ಹುಡುಕಿ ಕೊಡಪ್ಪ" ಎನ್ನಿ. ಹುಡುಕುವಾಗ ಅವನಿಗೇ ಬಹಳಷ್ಟು ಕಾಣುತ್ತದೆ. ಹಿರಿಯರ ಬಳಿಯೂ, ಯಾವ ಸಾಲು, ಯಾವ ವಚನ ಎಂದು ಬರೆದುಕೊಡುವಂತೆ ಗೌರವದಿಂದ ಕೇಳಿ. ಕಡೆಗೆ ಎರಡೂ ಕಾಗದಗಳು ಸಭಾಪಾಲಕರ ಮೇಜಿಗೆ ಹೋಗಲಿ. ತೀರ್ಪಿನ ಹೊರೆಯನ್ನು ನೀವೊಬ್ಬರೇ ಹೊರಬೇಡಿ. ಅಲ್ಲಿಯವರೆಗೆ ಸಭೆಯಲ್ಲಿ ಈ ಹಾಡು ಬೇಡ. ಕಾರಣವನ್ನು ಮೈಕಿನಲ್ಲಿ ಹೇಳುವುದೂ ಬೇಡ, ಬೇರೆ ಹಾಡು ಹಾಡಿದರೆ ಸಾಕು.

ಇನ್ನು ನಿಮ್ಮ ಕಣ್ಣೀರು. "ನೀ ನನ್ನ ಬಿಡಲಾರೆ, ಬಿಡಲಾರೆ" ಎಂಬುದಕ್ಕೆ ಧರ್ಮೋಪದೇಶಕಾಂಡ 31:6 ಇದೆ, ಇಬ್ರಿಯರಿಗೆ 13:5 ಇದೆ. ನಿಮ್ಮನ್ನು ಅಳಿಸಿದ್ದು ಈ ಸಾಲು ಎಂದೇ ನನಗನ್ನಿಸುತ್ತದೆ, ಬೆಟ್ಟದ ಸಾಲಲ್ಲ. ಇಬ್ರಿಯರಿಗೆ ಬರೆದ ಆ ವಚನದ ಗ್ರೀಕ್ ಮೂಲದಲ್ಲಿ "ಇಲ್ಲ" ಎಂಬರ್ಥದ ಪದಗಳು ಒಂದರ ಮೇಲೊಂದು ಐದು ಸಲ ಬರುತ್ತವೆ, ಬಿಡುವುದೇ ಇಲ್ಲ, ತೊರೆಯುವುದೇ ಇಲ್ಲ ಎಂದು ಒತ್ತಿ ಹೇಳಲು. ನಿಮ್ಮ ಹಾಡಿನಲ್ಲಿ "ಬಿಡಲಾರೆ" ಎರಡೇ ಸಲ ಇದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಆ ಸಾಲೊಂದನ್ನು ಐದು ಸಲ ಹಾಡಿಕೊಳ್ಳಿ.